ಇಂಗಾಲ ಕಡಿತದ ನೀತಿಯನ್ನು ತೂಗಿ ನೋಡುವ ಬಗೆ

ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ನೀತಿಯೊಂದು ಗ್ರಾಮಸಭೆಯಲ್ಲೋ ಕಾಲೇಜಿನ ಚರ್ಚಾಕೂಟದಲ್ಲೋ ಪ್ರಸ್ತಾಪಕ್ಕೆ ಬಂದಾಗ, ಅದರ ಖರ್ಚನ್ನು ಯಾರು ಹೊರುತ್ತಾರೆ ಮತ್ತು ಅದರಿಂದ ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಬರೆದಿಟ್ಟುಕೊಳ್ಳಿ.

ನಂತರ ದೇಶವನ್ನು ನೋಡಿ. ತಲಾ ಲೆಕ್ಕದಲ್ಲಿ ಅಮೆರಿಕ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ; ಭಾರತದ್ದು ಸುಮಾರು 2 ಟನ್. ಆದ್ದರಿಂದ ಶ್ರೀಮಂತ ದೇಶಗಳಲ್ಲಿ ಹೊಗೆಗೆ ಬೆಲೆ ಕಟ್ಟುವುದು ನ್ಯಾಯವಾದ ಮೊದಲ ಅಸ್ತ್ರ. ಸ್ವೀಡನ್ 1991ರಲ್ಲೇ ಇಂಗಾಲ ತೆರಿಗೆ ಹಾಕಿತು. ಐರೋಪ್ಯ ಒಕ್ಕೂಟವು 2005ರಿಂದ ಒಟ್ಟು ಹೊರಸೂಸುವಿಕೆಗೆ ಮಿತಿ ಹಾಕಿ, ಪರವಾನಗಿಗಳನ್ನು ಕಾರ್ಖಾನೆಗಳು ಕೊಂಡು ಮಾರುವ ವ್ಯವಸ್ಥೆಯನ್ನು ನಡೆಸುತ್ತಿದೆ. ಆದರೆ ಜನರಿಗೆ ಹೊರೆ ಮಾತ್ರ ಕಂಡರೆ ಇಂಥ ನೀತಿ ಬಾಳುವುದಿಲ್ಲ: 2018ರಲ್ಲಿ ಫ್ರಾನ್ಸಿನ ಇಂಧನ ತೆರಿಗೆ ಏರಿಕೆ ಬೀದಿ ಹೋರಾಟಕ್ಕೆ ಮಣಿಯಿತು.

ನಮ್ಮ ಅನುಭವವೂ ಬೇರೆಯಲ್ಲ. ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಶುರುವಾದ ಸೆಸ್ 2016ಕ್ಕೆ 400 ರೂಪಾಯಿ ಮುಟ್ಟಿತು. ಶುದ್ಧ ಇಂಧನಕ್ಕೆಂದು ಎತ್ತಿದ ಆ ಹಣವು 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳ ನಷ್ಟ ಪರಿಹಾರದ ಲೆಕ್ಕಕ್ಕೆ ಸೇರಿಹೋಯಿತು.

ಮೂರನೆಯದಾಗಿ, ನೀತಿಯನ್ನು ನೆಲಕ್ಕೆ ಇಳಿಸಿ ನೋಡಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ಜಾಣತನ. ಮಳೆ ಕೈಕೊಟ್ಟ ವರ್ಷವೂ ಹೊಲದ ಒಡೆಯನಿಗೆ ಬಾಡಿಗೆ ಬರುತ್ತದೆ, ಒಡೆತನವೂ ಉಳಿಯುತ್ತದೆ. ಆದರೆ ಅದೇ ಹೊಲದಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದ, ಸ್ವಂತ ಜಮೀನಿಲ್ಲದ ಕೂಲಿಯ ಹೆಸರು ಗುತ್ತಿಗೆ ಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಇಂಥ ಯೋಜನೆಯನ್ನು ಓದುವಾಗ ಆ ಹೆಸರನ್ನು ನೀವೇ ಹುಡುಕಬೇಕು.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಪ್ರಶ್ನೆ ಇನ್ನೊಂದು ಬಗೆಯದು. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಸೀಮೆಯಲ್ಲಿ ಪಂಪ್‌ಸೆಟ್ಟಿಗೆ ಬರೀ ಸೌರಫಲಕ ಕೊಟ್ಟರೆ ಹೊಗೆ ತಗ್ಗುತ್ತದೆ, ಅಂತರ್ಜಲವೂ ತಗ್ಗುತ್ತದೆ. ರೈತರ ಪಂಪ್‌ಸೆಟ್ಟಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರ ಸರ್ಕಾರದ 2019ರ ಪಿಎಂ ಕುಸುಮ್ ಯೋಜನೆಯಲ್ಲಿ, ವಿದ್ಯುತ್ ಜಾಲಕ್ಕೆ ಜೋಡಿಸಿದ ಪಂಪ್‌ಸೆಟ್ಟಿನ ರೈತ ಮಿಕ್ಕ ವಿದ್ಯುತ್ತನ್ನು ಮಾರುವ ಅವಕಾಶವಿದೆ. ಕೊಳ್ಳುವ ದರ ಸರಿಯಾಗಿದ್ದರೆ ಮಾತ್ರ ಅವನು ಮೋಟಾರು ನಿಲ್ಲಿಸಿಯಾನು. ಹಾಗಾಗಿ ಸಬ್ಸಿಡಿಯ ಮೊತ್ತಕ್ಕಿಂತ ಆ ದರವನ್ನು ಮೊದಲು ವಿಚಾರಿಸಿ.

ಕೊನೆಯದು ಬಂಡವಾಳ. ಸೌರ ವಿದ್ಯುತ್ತಿನ ಖರ್ಚು ಬಹುಪಾಲು ಮೊದಲ ದಿನವೇ ಬೀಳುವುದರಿಂದ, ಬಡ್ಡಿ ಹೆಚ್ಚಿರುವ ದೇಶಕ್ಕೆ ಬಿಸಿಲು ಎಷ್ಟಿದ್ದರೂ ಅದು ದುಬಾರಿ. 2024ರಲ್ಲಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನವು ಅಭಿವೃದ್ಧಿಶೀಲ ದೇಶಗಳಿಗೆ 2035ರೊಳಗೆ ವರ್ಷಕ್ಕೆ 300 ಶತಕೋಟಿ ಡಾಲರಿನ ನೆರವಿನ ಗುರಿ ಇಟ್ಟಿತು. ಅದರಲ್ಲಿ ಅನುದಾನವೆಷ್ಟು, ಸಾಲವೆಷ್ಟು ಎಂದು ಕೇಳಿ. ಇತ್ತ 2026ರ ಜನವರಿಯಿಂದ ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮೇಲೆ ಇಂಗಾಲ ಶುಲ್ಕದ ನಿಯಮವನ್ನು ಜಾರಿಗೆ ತಂದಿದೆ. ಸರಕು ತಯಾರಾದ ದೇಶದಲ್ಲೇ ತೆತ್ತ ಇಂಗಾಲದ ಬೆಲೆಯನ್ನು ಆ ಶುಲ್ಕದಿಂದ ಕಡಿತ ಮಾಡಿಕೊಳ್ಳಬಹುದು. ಹಾಗೆ ಇಲ್ಲಿಯೇ ವಸೂಲಿ ಮಾಡಿದರೆ ಹಣ ಐರೋಪ್ಯ ಒಕ್ಕೂಟಕ್ಕೆ ಹೋಗದೆ ನಮ್ಮ ಖಜಾನೆಯಲ್ಲಿ ಉಳಿದೀತು. ಅಲ್ಲಿಂದ ಪಾವಗಡದ ಕೂಲಿಯವರೆಗೆ ಅದು ಬರುವ ದಾರಿ ನೀತಿಯಲ್ಲಿ ಬರೆದಿದೆಯೇ ಎಂದು ನೋಡಿ.