ಗಂಜ್ ಅಂಗಡಿಯ ಕಂಪ್ಯೂಟರಿಗೆ ಹೊಸ ಡಿಸ್ಕ್

ಹಾರ್ಡ್ ಡಿಸ್ಕ್ ಬದಲಾಯಿಸಬೇಕು ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಕೇಳುವುದು, ಹಳೇದು ಇನ್ನೂ ಓಡುತ್ತಿದೆಯಾ ಅಂತ. ಓಡುತ್ತಿದ್ದರೆ ತಲೆನೋವೇ ಇಲ್ಲ. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಡೀ ಡಿಸ್ಕನ್ನೇ ಹೊಸ ಎಸ್‌ಎಸ್‌ಡಿ ಡಿಸ್ಕಿಗೆ ಇಳಿಸಿಬಿಡುತ್ತೇನೆ. ಪ್ರೋಗ್ರಾಂ, ಫಾಂಟು, ಸೆಟ್ಟಿಂಗು ಎಲ್ಲಾ ಇದ್ದ ಹಾಗೇ ಬರುತ್ತವೆ. ಹೊಸದು ಮಾತ್ರ ಹಳೆಯದಕ್ಕಿಂತ ಚಿಕ್ಕದಿರಬಾರದು. 500 ಜಿಬಿ ಜಾಗಕ್ಕೆ 480 ಜಿಬಿಯದು ತಂದರೆ ತಕರಾರು ಶುರು. 512 ತನ್ನಿ.

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಒಂದು ದಲಾಲಿ ಅಂಗಡಿಯಲ್ಲಿ ಅಷ್ಟು ಸುಲಭ ಆಗಲಿಲ್ಲ. ಹತ್ತಿ ಸೀಸನ್ನು ಬೇರೆ. ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನಿನ ರೆಕ್ಕೆಗಳಿಗೆ ಹತ್ತಿ ಎಳೆ ಸುತ್ತಿ ದೀಪದ ಬತ್ತಿ ಹೊಸೆದಿಟ್ಟ ಹಾಗಿತ್ತು. ವಿಂಡೋಸ್ ಏಳುತ್ತಿರಲಿಲ್ಲ. ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಜಾಗ ಜಾಸ್ತಿಯಾಗಿ ಕ್ಲೋನ್ ಕೂಡ ಅರ್ಧಕ್ಕೇ ನಿಂತಿತು. ಆದರೆ ಡಿಸ್ಕನ್ನು ಯುಎಸ್‌ಬಿ ಕೇಬಲ್‌ನಿಂದ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಫೋಲ್ಡರುಗಳು ಕಂಡವು. ಮೊದಲು ಲೆಕ್ಕಪತ್ರದ ಪ್ರೋಗ್ರಾಂ ಟ್ಯಾಲಿಯ ಡೇಟಾ ಎಳೆದುಕೊಂಡೆ. ಬರೀ ನಂಬರಿನ ಹೆಸರಿರುವ ಫೋಲ್ಡರುಗಳು ಅವು, ಒಂದೊಂದು ಕಂಪನಿಗೆ ಒಂದೊಂದು.

“ಪ್ರೋಗ್ರಾಂ ಫೈಲ್ಸ್‌ನೂ ಹಂಗ ಎತ್ತಿ ಹಾಕಿಬಿಡು ತಮ್ಮಾ, ಮುಗೀತಲ್ಲ?” ಅಂದರು ಸಾಹುಕಾರರು.

“ಇಲ್ರೀ ಸಾವ್ಕಾರ್ರ, ಹಂಗ ಎತ್ತಿ ಹಾಕಿದ್ರ ಅವು ಏಳಂಗಿಲ್ಲ.”

ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ತನ್ನ ಫೋಲ್ಡರಲ್ಲಷ್ಟೇ ಕೂರುವುದಿಲ್ಲ. ವಿಂಡೋಸ್‌ನ ದಾಖಲೆ ಪುಸ್ತಕದಂತಿರುವ ರಿಜಿಸ್ಟ್ರಿಯಲ್ಲಿ ಬರೆಸಿಕೊಳ್ಳುತ್ತದೆ, ಸಿಸ್ಟಂ ಫೋಲ್ಡರಿಗೆ ಫೈಲ್ ಹಾಕುತ್ತದೆ. ಹಾಗಾಗಿ ಸುಮ್ನೆ ಕಾಪಿ ಮಾಡಿದರೆ ಬಹಳಷ್ಟು ಕೆಲಸ ಮಾಡುವುದಿಲ್ಲ. ಮತ್ತೆ ಹಾಕಲೇಬೇಕು. ಆದರೆ ಏನೇನಿತ್ತು ಅಂತ ಅಂಗಡಿಯವರಿಗೆ ಎಲ್ಲಿ ನೆನಪಿರುತ್ತದೆ? “ಟ್ಯಾಲಿ ಇತ್ತು, ಕನ್ನಡ ಟೈಪಿಂಗ್ ಇತ್ತು” ಅಲ್ಲಿಗೆ ಮುಗಿಯಿತು.

ಅದಕ್ಕೆ ಹಳೆ ಡಿಸ್ಕಿನ ರಿಜಿಸ್ಟ್ರಿಯನ್ನೇ ಕೇಳಿದೆ. ವಿಂಡೋಸ್ ಫೋಲ್ಡರಿನ ಸಿಸ್ಟಂ32ರ ಒಳಗೆ ಕಾನ್ಫಿಗ್ ಅಂತಿದೆ. ಅದರಲ್ಲಿ ಸಾಫ್ಟ್‌ವೇರ್ ಅನ್ನೋ ಹೆಸರಿನ ಫೈಲು. ಅದನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡು, ರಿಜಿಸ್ಟ್ರಿ ಎಡಿಟರ್ ತೆರೆದು, ಲೋಕಲ್ ಮಷೀನ್ ಮೇಲೆ ಕ್ಲಿಕ್ ಮಾಡಿದೆ. ಅಲ್ಲಿ ಇಲ್ಲವೇ ಯೂಸರ್ಸ್ ಮೇಲೆ ಕ್ಲಿಕ್ ಮಾಡದೆ, ರಿಜಿಸ್ಟ್ರಿ ಫೈಲ್ ತೆರೆಯುವ ಲೋಡ್ ಹೈವ್ ಮೆನು ಮಂಕಾಗಿಯೇ ಇರುತ್ತದೆ. ಫೈಲ್ ಲೋಡ್ ಮಾಡಿ ಅನ್‌ಇನ್‌ಸ್ಟಾಲ್ ಅನ್ನೋ ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರು) ತೆರೆದರೆ ಪ್ರೋಗ್ರಾಂಗಳ ಹೆಸರು, ವರ್ಷನ್ ಎಲ್ಲಾ ಸಾಲಾಗಿ ಸಿಕ್ಕವು. 32 ಬಿಟ್ಟಿನವು ಬೇರೆ ಕೀಯಲ್ಲಿರುತ್ತವೆ, ಅದನ್ನೂ ನೋಡಬೇಕು. ಜಿಎಸ್‌ಟಿಗೆ ಸಹಿ ಹಾಕುವ ಡಿಜಿಟಲ್ ಟೋಕನ್ನಿನ ಪ್ರೋಗ್ರಾಂ ಸಿಕ್ಕಿದ್ದು ಹೀಗೇ. ಅದನ್ನು ಯಾರೂ ಹೇಳಿರಲಿಲ್ಲ.

ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರುಗಳನ್ನೂ ಹಳೆ ಡಿಸ್ಕಿನಿಂದಲೇ ತೆಗೆದೆ. ವಿಂಡೋಸ್‌ನದೇ ಡಿಸ್ಮ್ ಕಮಾಂಡಿಗೆ ಆ ಡಿಸ್ಕ್ ತೋರಿಸಿ ಎಕ್ಸ್‌ಪೋರ್ಟ್ ಡ್ರೈವರ್ ಅಂದರೆ, ಹೊರಗಿನಿಂದ ಬಂದ ಡ್ರೈವರುಗಳನ್ನೆಲ್ಲ ಒಂದು ಫೋಲ್ಡರಿಗೆ ಹೆಕ್ಕಿ ಕೊಡುತ್ತದೆ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವುದು ದೊಡ್ಡ ಕೆಲಸವಲ್ಲ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮೊದಲಿದ್ದದ್ದು ಹೋಮ್ ಆದರೆ ಹೋಮ್, ಪ್ರೊ ಆದರೆ ಪ್ರೊ ಹಾಕಿ, ಕೀ ಇಲ್ಲ ಅಂತ ಒತ್ತಿ ಮುಂದೆ ಹೋದರೆ ಆಯಿತು. ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಟ್ಯಾಲಿ ಹಾಗಲ್ಲ. ಹಳೆ ಡಿಸ್ಕ್ ನಡೆಯುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿ, ಅಂದರೆ ಆ ಕಂಪ್ಯೂಟರಿನಿಂದ ಬಿಡಿಸಿಟ್ಟರೆ ಒಳ್ಳೆಯದು. ಇಲ್ಲಿ ಆ ಕಾಲ ಮೀರಿತ್ತು. ಸೀರಿಯಲ್ ನಂಬರ್ ಬಿಲ್ ಮೇಲಿತ್ತು. ನೋಂದಾಯಿಸಿದ ಇಮೇಲ್ ಮಾತ್ರ ಬೇರೆ ಅಂಗಡಿ ಸೇರಿದ ಹಳೆ ಗುಮಾಸ್ತನದು! ಅವನಿಗೆ ಫೋನ್ ಹಚ್ಚಿ, ಇಮೇಲಿಗೆ ಬಂದ ಕೀಯನ್ನು ಓದಿಸಿಕೊಂಡು ಹಾಕಿದೆವು. ಲೈಸೆನ್ಸಿನ ಇಮೇಲ್ ಯಾವತ್ತೂ ಮಾಲೀಕರದ್ದೇ ಇರಬೇಕು, ಅಲ್ವಾ?

ಕನ್ನಡ ಟೈಪಿಂಗಿನ ನುಡಿ ಹಾಕಿದ ಮೇಲೂ ಒಂದು ಹಳೆ ಪತ್ರ ಸರಿಯಾಗಿ ತೆರೆಯಲಿಲ್ಲ. ಕನ್ನಡದ ಜಾಗದಲ್ಲಿ ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಇಂಥವೇ. ಹಳೆ ನುಡಿ ಫೈಲುಗಳ ಪಾಡು ಇದು. ಬರೆದಾಗಿನ ಫಾಂಟೇ ಇರಬೇಕು. ಹಳೆ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯವನ್ನು ತಂದು ಇನ್‌ಸ್ಟಾಲ್ ಮಾಡಿದೆ, ಅಕ್ಷರ ಮೂಡಿದವು.

ಕೊನೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಡ್ರೈವರ್ ಕೂತಿತು, ಆದರೆ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಹಾಳೆಗಿಂತ ಕೆಳಗೆ ಜಾರುತ್ತಿತ್ತು. ಹಾಳೆಯ ಅಳತೆ ಡ್ರೈವರ್ ಜೊತೆ ಬರುವುದಿಲ್ಲ. ಸ್ಕೇಲಿನಲ್ಲಿ ಅಳೆದು, ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಹೊಸ ಫಾರ್ಮ್ ಮಾಡಿ ಕೊಟ್ಟೆ.

ಹೊರಡುವ ಮುಂಚೆ, ಪ್ರೋಗ್ರಾಂ ಹಾಕಿಕೊಡುವ ವಿಂಡೋಸ್‌ನ ಕಮಾಂಡು ವಿನ್‌ಗೆಟ್ ಎಕ್ಸ್‌ಪೋರ್ಟ್ ಓಡಿಸಿ ಪ್ರೋಗ್ರಾಂಗಳ ಪಟ್ಟಿಯೊಂದನ್ನು ಪೆನ್‌ಡ್ರೈವಿಗೆ ಹಾಕಿದೆ. ಮುಂದೆ ಡಿಸ್ಕ್ ಹೋದರೆ ಇಂಪೋರ್ಟ್ ಅಂದರೆ ಪಟ್ಟಿಯಲ್ಲಿರುವುದನ್ನೆಲ್ಲ ಅದೇ ಇಳಿಸಿಕೊಳ್ಳುತ್ತದೆ. ತನ್ನ ಭಂಡಾರದಲ್ಲಿ ಇಲ್ಲದವನ್ನು ಎಕ್ಸ್‌ಪೋರ್ಟ್ ಮಾಡುವಾಗಲೇ ಇಲ್ಲ ಅಂತ ತೋರಿಸುತ್ತದೆ. ಅವುಗಳ ಸೆಟಪ್ ಫೈಲುಗಳನ್ನೂ ಅದೇ ಪೆನ್‌ಡ್ರೈವಿನಲ್ಲಿ ಇಟ್ಟೆ.