ಹೊಸ ಪಿಸಿ ಪದೇ ಪದೇ ಹ್ಯಾಂಗ್ ಆಗುತ್ತಿದೆಯೇ? ರ್ಯಾಮ್‌ನಿಂದ ಹುಡುಕಾಟ ಶುರು ಮಾಡಿ

ಬಿಡಿಭಾಗಗಳನ್ನು ತಂದು ಜೋಡಿಸಿದ ಡೆಸ್ಕ್‌ಟಾಪ್ ಸರಿಯಾಗಿಯೇ ಆನ್ ಆಗುತ್ತದೆ, ವಿಂಡೋಸ್ ಕೂಡ ಇನ್‌ಸ್ಟಾಲ್ ಆಗುತ್ತದೆ. ಆಮೇಲೆ ಯಾವುದೋ ಹೊತ್ತಿನಲ್ಲಿ ಪರದೆ ಇದ್ದ ಹಾಗೇ ನಿಂತುಬಿಡುತ್ತದೆ. ಆಗ ಹೆಚ್ಚಿನವರು ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೊಸ ಜೋಡಣೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ರ್ಯಾಮ್ ಮತ್ತು ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಸೆಟ್ಟಿಂಗ್‌ಗಳನ್ನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬರೆದಿಟ್ಟುಕೊಳ್ಳಿ. ಒಟ್ಟಿಗೆ ಮೂರನ್ನು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ.

ಹ್ಯಾಂಗ್ ಆದ ಕ್ಷಣದಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹೊತ್ತಿ ಆರುತ್ತಿದ್ದರೆ ಒಳಗೆ ಸಿಸ್ಟಂ ಇನ್ನೂ ನಡೆಯುತ್ತಿದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳನ್ನು ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಅದರಿಂದ ಪರದೆ ಮರಳಿದರೆ ಡ್ರೈವರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಕಡೆ ಗಮನ ಕೊಡಿ. ಮೌಸ್ ಓಡಾಡುತ್ತದೆ, ಆದರೆ ಏನೂ ತೆರೆಯುವುದಿಲ್ಲ ಎಂದರೆ ಎಸ್‌ಎಸ್‌ಡಿಯನ್ನು ಅನುಮಾನಿಸಿ. ದೀಪವೂ ಅಲುಗದಿದ್ದರೆ ದೋಷ ಬಹುಮಟ್ಟಿಗೆ ಹಾರ್ಡ್‌ವೇರ್‌ನದು.

ಮರುಚಾಲನೆಯಾದ ಮೇಲೆ, ನಡೆದದ್ದರ ದಾಖಲೆ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆಯಿರಿ. ಅಲ್ಲಿ ಕಾಣುವ ಕರ್ನಲ್-ಪವರ್ 41 ಎಂಬ ಸಾಲು ನೋಡಿ ಪವರ್ ಸಪ್ಲೈ ಬದಲಾಯಿಸಲು ಓಡಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ, ನೀವು ಬಟನ್ ಒತ್ತಿಹಿಡಿದು ಆರಿಸಿದರೂ ಅದು ಬರುತ್ತದೆ. ಹುಡುಕಬೇಕಾದದ್ದು ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ದಾಖಲೆಗಳನ್ನು. ಹಾರ್ಡ್‌ವೇರ್ ತಾನೇ ವರದಿ ಮಾಡಿದ ದೋಷಗಳು ಅವು.

ಈಗ ರ್ಯಾಮ್. ಡಬ್ಬಿಯ ಮೇಲೆ ಡಿಡಿಆರ್5-6000 ಎಂದಿದ್ದರೂ ಆ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ರ್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿದರಷ್ಟೇ ಬರುತ್ತದೆ. ಅದು ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವುದು. ರ್ಯಾಮ್ ತಡೆದುಕೊಂಡರೂ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ತಡೆದುಕೊಳ್ಳದೇ ಇರಬಹುದು, ನಾಲ್ಕು ಸ್ಲಾಟ್ ತುಂಬಿಸಿದ್ದರೆ ಇನ್ನೂ ಕಷ್ಟ. ಆದ್ದರಿಂದ ಅದನ್ನು ಆಫ್ ಮಾಡಿ ಕೆಲ ದಿನ ಬಳಸಿ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಡಿಡಿಆರ್5 ಯಂತ್ರಗಳಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಮೆಮೊರಿ ಹೊಂದಿಕೊಳ್ಳುವ ಸಮಯವದು, ಗಾಬರಿಯಿಂದ ಆರಿಸಬೇಡಿ. ಹ್ಯಾಂಗ್ ನಿಂತರೆ ಕಾರಣ ಸಿಕ್ಕಿತು: ಬಯೋಸ್ ಅಪ್‌ಡೇಟ್ ಮಾಡಿ ಮತ್ತೆ ಪ್ರಯತ್ನಿಸಿ, ಇಲ್ಲವೇ ವೇಗ ಒಂದು ಹೆಜ್ಜೆ ಇಳಿಸಿ. ನಿಲ್ಲದೆ ನಡೆಯುವ 5600, ಹ್ಯಾಂಗ್ ಆಗುವ 6000ಕ್ಕಿಂತ ಎಷ್ಟೋ ಮೇಲು.

ಹ್ಯಾಂಗ್ ನಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ಕಂಡರೂ ನಿರ್ಲಕ್ಷಿಸಬೇಡಿ. ಆಮೇಲೆ ಒಂದೊಂದೇ ರ್ಯಾಮ್ ಕಡ್ಡಿಯನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡೇ ಕಡ್ಡಿಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು.

ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಬಯೋಸ್ ಅಪ್‌ಡೇಟ್ ಕಡ್ಡಾಯವೆಂದೇ ತಿಳಿಯಿರಿ. ಹೆಚ್ಚಿನ ವೋಲ್ಟೇಜ್‌ನಿಂದ ಇವುಗಳಲ್ಲಿ ಕೆಲವು ಅಸ್ಥಿರವಾಗುತ್ತಿದ್ದವು. ಅದಕ್ಕೆ ತಿದ್ದುಪಡಿ ಬಂದದ್ದು 2024ರಲ್ಲಿ. ಆಗಲೇ ಹಾನಿಯಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗದು, ಬದಲಿಸಿಕೊಳ್ಳಬೇಕು. ಎಎಂಡಿಯ ರೈಜನ್ ಪ್ರೊಸೆಸರ್ ಇರುವ ಯಂತ್ರ ಸುಮ್ಮನಿದ್ದಾಗಲೇ ಹ್ಯಾಂಗ್ ಆಗುತ್ತಿದ್ದರೆ ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಇದೆಯೇ ನೋಡಿ, ಅದನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಬದಲಾಯಿಸಿ.

ವಿದ್ಯುತ್ ಸಂಪರ್ಕ ತೆಗೆದು ಒಳಗೂ ಒಮ್ಮೆ ಕಣ್ಣಾಡಿಸಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ? ಪ್ರೊಸೆಸರ್‌ನ ಪವರ್ ಕನೆಕ್ಟರ್ ಪೂರ್ತಿ ಕೂತಿದೆಯೇ? ಮದರ್‌ಬೋರ್ಡ್ ಹಿಂದೆ ಬೇಡದ ಜಾಗದಲ್ಲಿ ಲೋಹದ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ಉಳಿದಿಲ್ಲ ತಾನೇ? ಗ್ರಾಫಿಕ್ಸ್ ಕಾರ್ಡನ್ನು ರೈಸರ್ ಕೇಬಲ್‌ಗೆ (ಕಾರ್ಡ್ ಮತ್ತು ಬೋರ್ಡ್ ನಡುವಿನ ಕೇಬಲ್) ಹಾಕಿದ್ದರೆ ನೇರವಾಗಿ ಬೋರ್ಡ್‌ಗೆ ಕೂರಿಸಿ ನೋಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಎಸ್‌ಎಸ್‌ಡಿ ಬಿಚ್ಚಿಟ್ಟು, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ. ಅಲ್ಲೂ ಹ್ಯಾಂಗ್ ಆದರೆ ವಿಂಡೋಸ್, ಎಸ್‌ಎಸ್‌ಡಿ ಎರಡರ ಮೇಲಿನ ಅನುಮಾನವೂ ತೀರಿತು. ಬರೆದಿಟ್ಟ ಟಿಪ್ಪಣಿ ಮತ್ತು ಮೆಮ್‌ಟೆಸ್ಟ್ ಪರದೆಯ ಫೋಟೊ ಹಿಡಿದು ವಾರಂಟಿ ಕೇಳಿ. ರ್ಯಾಮ್ ಜೋಡಿಯಾಗಿ ಕೊಂಡದ್ದಾದರೆ ಎರಡನ್ನೂ ಒಟ್ಟಿಗೇ ಕೊಡಿ.