ಡಿಸ್ಕ್ ಬರೆಯಲು ರೂಟ್ ಅಧಿಕಾರ ಬೇಕಿಲ್ಲ

ಲಿನಕ್ಸ್‌ನಲ್ಲಿ ಸಿಡಿ ಅಥವಾ ಡಿವಿಡಿ ಬರೆಯಲು ಹೊರಟಾಗ ಅನುಮತಿ ಇಲ್ಲವೆಂಬ ಸಂದೇಶ ಕಂಡೊಡನೆ ಹಲವರು ಕೆ3ಬಿ, ಬ್ರಸೆರೊಗಳಂಥ ತಂತ್ರಾಂಶವನ್ನೇ ಸೂಡೊ (ರೂಟ್ ಎಂಬ ಸರ್ವಾಧಿಕಾರದ ಖಾತೆಯ ಹೆಸರಿನಲ್ಲಿ ಆಜ್ಞೆ ನಡೆಸುವ ಸಾಧನ) ಮೂಲಕ ತೆರೆಯುತ್ತಾರೆ. ಬೇಕಾದದ್ದು ಒಂದು ಡ್ರೈವ್‌ಗೆ ಬರೆಯುವ ಅನುಮತಿ ಮಾತ್ರ. ಕೊಟ್ಟದ್ದು ಇಡೀ ಗಣಕದ ಒಡೆತನ. ಅಂಥ ತಂತ್ರಾಂಶ ಬಳಸುವ ಹತ್ತಾರು ಲೈಬ್ರರಿಗಳಲ್ಲಿ ಯಾವುದೋ ಒಂದರಲ್ಲಿ ದೋಷವಿದ್ದರೂ ಅದು ರೂಟ್ ಅಧಿಕಾರದಲ್ಲೇ ನಡೆಯುತ್ತದೆ. ನಿಮ್ಮ ಹೋಮ್ ಫೋಲ್ಡರಿನ ಸೆಟ್ಟಿಂಗ್ ಕಡತಗಳು ರೂಟ್ ಹೆಸರಿಗೆ ಹೋಗಿ, ಮುಂದೆ ನೀವೇ ಅವನ್ನು ತಿದ್ದಲಾಗದ ಸ್ಥಿತಿಯೂ ಬರಬಹುದು. ಡಿವಿಡಿ ಬರೆಯುವ ಗ್ರೋಐಸೊಎಫ್‌ಎಸ್ ಸಾಧನವಂತೂ ಸೂಡೊ ಅಡಿಯಲ್ಲಿ ಓಡಲು ತಾನೇ ನಿರಾಕರಿಸುತ್ತದೆ.

ಮೊದಲು ಡೆವ್ ಫೋಲ್ಡರಿನಲ್ಲಿ ಡಿಸ್ಕ್ ಡ್ರೈವನ್ನು ಪ್ರತಿನಿಧಿಸುವ ಎಸ್‌ಆರ್0 ಕಡತವನ್ನು ಎಲ್‌ಎಸ್ ಆಜ್ಞೆಯ ದೀರ್ಘ ರೂಪದಲ್ಲಿ ನೋಡಿ, ಅದು ಯಾವ ಗುಂಪಿಗೆ ಸೇರಿದೆಯೆಂದು ತಿಳಿದುಕೊಳ್ಳಿ. ಡೆಬಿಯನ್, ಉಬುಂಟುಗಳಲ್ಲಿ ಅದು ಸಿಡಿರಾಮ್, ಆರ್ಚ್‌ನಲ್ಲಿ ಆಪ್ಟಿಕಲ್. ಅನುಮತಿಯ ಸಾಲಿನ ಕೊನೆಯಲ್ಲಿ ಕೂಡು ಚಿಹ್ನೆಯಿದ್ದರೆ, ಗಣಕದ ಮುಂದೆ ಕುಳಿತು ಲಾಗಿನ್ ಆದವರಿಗೆ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನೂ ಲಾಗಿನ್‌ಗಳನ್ನೂ ನಿರ್ವಹಿಸುವ ತಂತ್ರಾಂಶ) ಪ್ರತ್ಯೇಕ ಅನುಮತಿ ಕೊಟ್ಟಿರುವ ಸಾಧ್ಯತೆ ಹೆಚ್ಚು. ಇಂಥ ಅನುಮತಿಗಳನ್ನು ತೋರಿಸುವ ಗೆಟ್‌ಎಫ್‌ಎಸಿಎಲ್ ಆಜ್ಞೆಯಲ್ಲಿ ನಿಮ್ಮ ಹೆಸರು ಕಂಡರೆ ಮತ್ತೇನೂ ಮಾಡಬೇಕಿಲ್ಲ. ಎಸ್‌ಎಸ್‌ಎಚ್ ಮೂಲಕ ದೂರದಿಂದ ಬರುವವರಿಗೆ ಈ ಸೌಲಭ್ಯ ದೊರೆಯದ ಕಾರಣ ಗುಂಪಿನ ಸದಸ್ಯತ್ವವೇ ಬೇಕು.

ಗುಂಪಿಗೆ ಸೇರಿಸಲು ಯೂಸರ್‌ಮಾಡ್ ಆಜ್ಞೆಗೆ ಸಣ್ಣ ಎ ಮತ್ತು ದೊಡ್ಡ ಜಿ ಆಯ್ಕೆಗಳನ್ನು ಒಟ್ಟಿಗೆ ಕೊಡಿ. ಇಲ್ಲಿ ವಿಶೇಷ ಎಚ್ಚರ ಬೇಕು: ಸಣ್ಣ ಎ ಬಿಟ್ಟುಹೋದರೆ ಬಳಕೆದಾರರು ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾರೆ, ಸೂಡೊ ಗುಂಪಿನಿಂದ ಕೂಡ. ಬಳಿಕ ಲಾಗ್‌ಔಟ್ ಆಗಿ ಮತ್ತೆ ಬಂದರೆ ಮಾತ್ರ ಬದಲಾವಣೆ ಜಾರಿಗೆ ಬರುತ್ತದೆ.

ಸಾಧನದ ಕಡತಕ್ಕೆ 666 ಅನುಮತಿ (ಎಲ್ಲರಿಗೂ ಓದುವ, ಬರೆಯುವ ಅವಕಾಶ) ಕೊಡುವ ಸಲಹೆಯನ್ನು ಒಪ್ಪಬೇಡಿ. ಡ್ರೈವ್‌ಗೆ ನೇರವಾಗಿ ಹೋಗುವ ಸ್ಕಝಿ ಆದೇಶಗಳಲ್ಲಿ (ಡ್ರೈವ್ ಅರ್ಥಮಾಡಿಕೊಳ್ಳುವ ಸೂಚನೆಗಳಲ್ಲಿ) ಅದರ ಫರ್ಮ್‌ವೇರನ್ನೇ, ಅಂದರೆ ಅದರೊಳಗಿನ ತಂತ್ರಾಂಶವನ್ನೇ, ಅಳಿಸಬಲ್ಲವೂ ಇರುತ್ತವೆ. ಈ ಕಾರಣದಿಂದಲೇ 2004ರ 2.6.8 ಕರ್ನಲ್ (ಲಿನಕ್ಸ್‌ನ ತಿರುಳು) ಸಾಮಾನ್ಯ ಬಳಕೆದಾರರ ಆದೇಶಗಳನ್ನು ಸೋಸಿ ಬಿಡತೊಡಗಿತು. ಅಲ್ಲದೆ ಸಾಧನಗಳ ಕಡತಗಳನ್ನು ನಿರ್ವಹಿಸುವ ಯುಡೆವ್ ಆ ಕಡತವನ್ನು ಪ್ರತಿ ಬೂಟ್‌ನಲ್ಲೂ ಹೊಸದಾಗಿ ಸಿದ್ಧಪಡಿಸುವುದರಿಂದ ಆ ತಿದ್ದುಪಡಿ ಉಳಿಯುವುದೂ ಇಲ್ಲ.

ಡಿಸ್ಕ್ ಬರೆಯುವ ಸಿಡಿರೆಕಾರ್ಡ್ ಆಜ್ಞೆಗೆ ಸೆಟ್‌ಯುಐಡಿ (ಯಾರು ಚಲಾಯಿಸಿದರೂ ಕಡತದ ಒಡೆಯನಾದ ರೂಟ್ ಅಧಿಕಾರದಲ್ಲೇ ಓಡಿಸುವ ಗುರುತು) ಹಾಕುವ ಹಳೆಯ ರೂಢಿ, ಬರೆಯುವಾಗ ಬಫರ್ (ದತ್ತಾಂಶದ ತಾತ್ಕಾಲಿಕ ಸಂಗ್ರಹ) ಬರಿದಾಗದಂತೆ ಮೆಮೊರಿಯನ್ನೂ ಆದ್ಯತೆಯನ್ನೂ ಕಾಯ್ದಿರಿಸಲು ಬಂದದ್ದು. ಬಫರ್ ಬರಿದಾದರೂ ಬರಹವನ್ನು ನಿಲ್ಲಿಸಿ ಮುಂದುವರಿಸಬಲ್ಲ ಡ್ರೈವ್‌ಗಳಲ್ಲಿ ಆ ಅಗತ್ಯ ಬಹುಮಟ್ಟಿಗೆ ಇಲ್ಲ. ಅನಿವಾರ್ಯವಾದರೆ ಕಡತದ ಗುಂಪನ್ನು ಸಿಡಿರಾಮ್‌ಗೆ ಬದಲಿಸಿ ಅನುಮತಿಯನ್ನು 4710ಕ್ಕೆ ಇಳಿಸಿ; ಆಗ ಆ ಗುಂಪಿನ ಹೊರಗಿನವರು ಅದನ್ನು ಚಲಾಯಿಸಲಾರರು. ಹಲವರು ಹಂಚಿಕೊಳ್ಳುವ ಗಣಕದಲ್ಲಿ, ಡಿಸ್ಕ್ ಬರೆಯುವ ಕೆಲಸ ಮುಗಿದವರನ್ನು ಜಿಪಾಸ್‌ವ್ಡ್ ಆಜ್ಞೆಯಿಂದ ಗುಂಪಿನಿಂದ ತೆಗೆಯಿರಿ.